ಮೂವತ್ತೇಳು ತಾಯಂದಿರ ಒಂದೇ ನಂಬರು

‘ಅಂಗೈ ಆರೋಗ್ಯ’ ಯೋಜನಾ ಘಟಕದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಾವು ಒಂದೇ ಆದೇಶದಲ್ಲಿ ಮೂವತ್ತೇಳು ಗರ್ಭಿಣಿಯರನ್ನು ಇಲ್ಲವಾಗಿಸಿದ್ದೀರಿ. ಫೆಬ್ರುವರಿ ಹನ್ನೆರಡನೇ ತಾರೀಕು ನನ್ನ ಕೈಸೇರಿದ ತಮ್ಮ ನೋಟೀಸಿನ ಪ್ರಕಾರ, ಮುಳಬಾಗಿಲು ತಾಲ್ಲೂಕಿನ ನಮ್ಮ ಐದು ಹಳ್ಳಿಗಳ ಈ ಹೆಣ್ಣುಮಕ್ಕಳು ‘ನಕಲಿ ಫಲಾನುಭವಿಗಳು’. ಕಾರಣ, ಮೂವತ್ತೇಳು ಹೆಸರಿಗೂ ಒಂದೇ ಮೊಬೈಲ್ ನಂಬರು ಕೊಡಲಾಗಿದೆ, ಆ ನಂಬರು ಒಬ್ಬ ಗಂಡಸಿನದು. ಆ ಗಂಡಸು ನಾನು. ನಂಬರು ನನ್ನದೆಂಬುದು ನಿಜ. ಹೆಂಗಸರೂ ನಿಜ, ಅವರ ಹೊಟ್ಟೆಯಲ್ಲಿರುವ ಕೂಸುಗಳೂ ನಿಜ. ಅವರಲ್ಲಿ ತ್ರಿವೇಣಿ ಎಂಬಾಕೆಗೆ ಇದೇ ಮಾರ್ಚ್ ಹತ್ತೊಂಬತ್ತಕ್ಕೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಮೈಯಲ್ಲಿ ರಕ್ತವಿಲ್ಲ, ಇರುವ ರಕ್ತದ ಗುಂಪು ಸುಲಭಕ್ಕೆ ಸಿಗುವಂಥದ್ದಲ್ಲ, ತಮ್ಮ ಕಂಪ್ಯೂಟರಿನಲ್ಲಿ ಆಕೆಯ ಹೆಸರೇ ಇಲ್ಲ. ತಮಗೆ ಎರಡು ಅರ್ಜಿ ಬರೆದೆ, ಒಂದು ಸಲ ಕಚೇರಿಗೂ ಬಂದೆ. ಉತ್ತರವಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಈಗ ನನ್ನಲ್ಲಿ ಉಳಿದಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮ ಮೇಜಿನ ಮೇಲೆ ಪತ್ರಿಕೆಯಾದರೂ ಬಂದು ಬೀಳುತ್ತದಲ್ಲವೇ?

ನೋಟೀಸಿನಲ್ಲಿ ನನ್ನನ್ನು ‘ಸದರಿ ವ್ಯಕ್ತಿ’ ಎಂದಷ್ಟೇ ಕರೆದಿದ್ದೀರಿ, ಹಾಗಾಗಿ ಪರಿಚಯ ಹೇಳಿಕೊಳ್ಳುತ್ತೇನೆ. ಹೆಸರು ಗಂಗುಲಪ್ಪ, ವಯಸ್ಸು ಮೂವತ್ತೆರಡು, ಕುರುಡುಮಲೆ ಕಡೆಯ ಒಂದು ಹಳ್ಳಿ. ಬಲಗಾಲು ಪೋಲಿಯೋ ಪಾಲಾಗಿದೆ. ನನಗೆ ಎರಡು ವರ್ಷವಿದ್ದಾಗ ಮುಳಬಾಗಿಲಿನಲ್ಲಿ ಮಕ್ಕಳಿಗೆ ಹನಿ ಹಾಕುತ್ತಿದ್ದರಂತೆ. ಆ ಸುದ್ದಿ ನಮ್ಮೂರಿಗೆ ಮುಟ್ಟಿದ್ದು ನಾನು ಜ್ವರದಿಂದ ಎದ್ದು, ಕಾಲು ಏಳದೇ ಹೋದ ಮೇಲೆ. ಇರುವುದು ಎಂಟು ಕಿಲೋಮೀಟರ್ ದೂರ. ನಮ್ಮಮ್ಮ ಇದನ್ನು ಸಾಯುವ ತನಕ ಹೇಳಿಕೊಂಡು ಅಳುತ್ತಿದ್ದಳು. ಆ ಕಾಲಿನ ದೆಸೆಯಿಂದಲೇ ಅಂಗವಿಕಲರ ಕೋಟಾದಲ್ಲಿ 1997ರಲ್ಲಿ ನನಗೊಂದು ಎಸ್.ಟಿ.ಡಿ. ಬೂತು ಸಿಕ್ಕಿತು. ಐದು ಹಳ್ಳಿಗೆ ಅದೊಂದೇ ಫೋನು. ಜನ ಲಗ್ನಪತ್ರಿಕೆಯಲ್ಲಿ, ಶಾಲೆಯ ಅರ್ಜಿಯಲ್ಲಿ, ಬ್ಯಾಂಕಿನ ಫಾರಮ್ಮಿನಲ್ಲಿ ನನ್ನ ನಂಬರು ಬರೆದು ಪಕ್ಕದಲ್ಲಿ ‘ಪಿ.ಪಿ.’ ಎಂದು ಹಾಕುತ್ತಿದ್ದರು. ಆ ಎರಡಕ್ಷರದ ಪೂರ್ತಿ ರೂಪ ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಊರಿಗೆ ಗೊತ್ತಿದ್ದ ಅರ್ಥ ಇಷ್ಟು: ಫೋನು ಇನ್ನೊಬ್ಬರದು, ಸುದ್ದಿ ನಮ್ಮದು, ತಲುಪಿಸುವ ಹೊಣೆ ಫೋನಿನವರದು. ಹನ್ನೆರಡು ವರ್ಷ ಆ ಹೊಣೆ ಹೊತ್ತಿದ್ದೇನೆ. ಸಾವಿನ ಸುದ್ದಿ, ಕೆಲಸದ ಸುದ್ದಿ, ಗಂಡು ನೋಡಲು ಬರುವ ಸುದ್ದಿ, ಎಲ್ಲವೂ ನನ್ನ ಅಂಗಡಿಯ ಮೇಲೆ ಹಾದು ಹೋಗಿವೆ. ಒಂದೂ ತಪ್ಪಿಲ್ಲ ಅಂತ ಹೇಳಲಾರೆ, ಬೇಕಂತ ತಪ್ಪಿಸಿದ್ದು ಒಂದೂ ಇಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ ಎಂದು ತಮ್ಮ ಯೋಜನೆಯ ಪುಸ್ತಿಕೆಯಲ್ಲಿ ಅಚ್ಚಾಗಿದೆ. ಎಲ್ಲರೂ ಅಂದರೆ ಯಾರು? ನಮ್ಮ ಕಡೆ ಒಂದು ಮನೆಗೆ ಒಂದು ಫೋನು, ಅದು ಗಂಡಸಿನ ಜೇಬಿನಲ್ಲಿ. ಬೆಳಿಗ್ಗೆ ಏಳಕ್ಕೆ ಆ ಜೇಬು ಕಲ್ಲು ಕ್ವಾರಿಗೋ ಟೊಮೊಟೊ ಮಂಡಿಗೋ ಹೊರಟುಬಿಡುತ್ತದೆ. ಹೊಸ ಸಿಮ್ ಜೊತೆ ಟಾಕ್‌ಟೈಮ್ ಪುಕ್ಕಟೆ ಅಂದರೆ ಹಳೆಯ ನಂಬರು ಬೇಲಿಗೆ ಬೀಳುತ್ತದೆ. ಹೀಗಿರುವಾಗ ನರ್ಸಮ್ಮ ತಾಯಿ ಕಾರ್ಡು ತುಂಬುತ್ತಾ ‘ನಿನ್ನ ಫೋನ್ ನಂಬರ್ ಹೇಳಮ್ಮ’ ಎಂದಾಗ ನಮ್ಮ ಹೆಂಗಸರು ಏನು ಹೇಳಬೇಕಿತ್ತು? ಅವರ ಅತ್ತೆಯಂದಿರು ಯಾರ ನಂಬರು ಹೇಳುತ್ತಿದ್ದರೋ ಅವನದನ್ನೇ ಹೇಳಿದರು. ಬೂತಿನ ಫೋನಿನ ಜಾಗಕ್ಕೆ ನಾನೂ ಮೊಬೈಲು ತಂದೆ, ಆಮೇಲಿಂದ ಬದಲಾಗದ ನಂಬರು ಐದು ಹಳ್ಳಿಯಲ್ಲಿ ನನ್ನದೊಂದೇ. ತಮ್ಮ ಫಾರಮ್ಮಿನಲ್ಲಿ ಹತ್ತು ಚೌಕ ಮಾತ್ರ ಇತ್ತು, ‘ಪಿ.ಪಿ.’ ಎಂದು ಬರೆಯಲು ಜಾಗವೇ ಇರಲಿಲ್ಲ. ಇದರಲ್ಲಿ ಮೋಸ ಮಾಡಿದವರು ಯಾರು ಮಾನ್ಯರೇ, ನಂಬರು ಕೊಟ್ಟವರೋ, ಚೌಕ ಎಣಿಸಿದವರೋ?

ಕಳೆದ ಆಗಸ್ಟಿನಿಂದ ಸಂದೇಶಗಳು ಬರತೊಡಗಿದವು. ಕನ್ನಡ ಅಕ್ಷರ ನಮ್ಮ ಫೋನಿಗೆ ಬರುವುದಿಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ. ‘ಪ್ರಿಯ ತಾಯಿ, ಕಬ್ಬಿಣದ ಮಾತ್ರೆ ತೆಗೆದುಕೊಂಡಿರಾ?’ ಒಂದೊಂದು ಸಂದೇಶ ಮೂವತ್ತೇಳು ಸಲ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಹತ್ತು ಗಂಟೆಯ ತನಕ ನನ್ನ ಫೋನು ಕುಯ್ ಕುಯ್ ಎನ್ನುತ್ತಲೇ ಇರುತ್ತಿತ್ತು. ಮೀಸೆ ಹೊತ್ತ ನಾನು ಮೂವತ್ತೇಳು ಸಲ ತಾಯಿಯಾಗಿ, ಮೂವತ್ತಾರನ್ನು ಅಳಿಸಿ ಒಂದನ್ನು ಉಳಿಸಿಕೊಳ್ಳುತ್ತಿದ್ದೆ. ಮೊದಲ ವಾರ ಹಳೆಯ ಅಭ್ಯಾಸದ ಮೇಲೆ ಅದನ್ನು ಕನ್ನಡದಲ್ಲಿ ಬರೆದು ಅಂಗಡಿಯ ಹಲಗೆಗೆ ಹಾಕಿದೆ: ‘ಪ್ರಿಯ ತಾಯಿ, ರಕ್ತ ಪರೀಕ್ಷೆಗೆ ಬನ್ನಿ.’ ಹೆಸರಿಲ್ಲದ ತಾಯಿ ಯಾರೆಂದು ಊರು ಚರ್ಚೆಗೆ ಕೂತಿತು. ಸಂಜೆಯೊಳಗೆ, ಮದುವೆಯಾಗಿ ಇಪ್ಪತ್ತು ದಿನವಾಗಿದ್ದ ಚನ್ನರಾಯಪ್ಪನ ಸೊಸೆಯ ತಲೆಗೆ ಅದನ್ನು ಕಟ್ಟಿ, ಇಲ್ಲಸಲ್ಲದ ಕಾಯಿಲೆಯ ಹೆಸರನ್ನೂ ಇಟ್ಟಿದ್ದರು. ಆ ಹುಡುಗಿ ಎರಡು ದಿನ ನೀರಿಗೆ ಬರಲಿಲ್ಲ. ತಪ್ಪು ನನ್ನದು. ಅವತ್ತೇ ಹಲಗೆ ಒರೆಸಿದೆ, ಮನೆಗೆ ಹೋಗಿ ಕೈಮುಗಿದು ಬಂದೆ. ಆಮೇಲಿಂದ ನನ್ನ ಹೆಂಡತಿ ಮುತ್ಯಾಲಮ್ಮ ಮನೆಮನೆಗೆ ನಡೆದು ಹೋಗಿ ಒಬ್ಬೊಬ್ಬರಿಗೇ ಹೇಳಿ ಬರತೊಡಗಿದಳು. ತಮ್ಮ ಪುಸ್ತಿಕೆಯಲ್ಲಿ ‘ಗುಂಡಿ ಒತ್ತಿದರೆ ಆರೋಗ್ಯ’ ಎಂದಿದೆ. ಗುಂಡಿಯಿಂದಾಚೆಗೆ ನಡೆಯುತ್ತಿದ್ದ ಕಾಲು ಮುತ್ಯಾಲಮ್ಮನವು, ಚಪ್ಪಲಿಯೂ ಅವಳದೇ.

ಜನವರಿ ಕೊನೆಯಲ್ಲಿ ಒಂದು ಸಂದೇಶ ಬಂತು. ‘ಪ್ರಿಯ ತಾಯಿ, ನಿಮ್ಮ ರಕ್ತದಲ್ಲಿ ಕಬ್ಬಿಣಾಂಶ ಬಹಳ ಕಡಿಮೆಯಿದೆ. ಮಂಗಳವಾರ ತಪ್ಪದೆ ಆರೋಗ್ಯ ಕೇಂದ್ರಕ್ಕೆ ಬನ್ನಿ.’ ಇನ್ನೂ ಮೂವತ್ತಾರು ಬರುತ್ತವೆಂದು ಕಾದೆ. ಬರಲಿಲ್ಲ. ಅಂದರೆ ಇದು ಮೂವತ್ತೇಳರಲ್ಲಿ ಒಬ್ಬಳದು. ಯಾರದು? ಹೆಸರಿಲ್ಲ. ಬಂದ ನಂಬರಿಗೆ ತಿರುಗಿ ಫೋನು ಮಾಡಿದರೆ ಅದು ಎತ್ತುವ ನಂಬರಲ್ಲವಂತೆ. ನರ್ಸಮ್ಮನಿಗೆ ಮಾಡಿದರೆ ಸ್ವಿಚ್ ಆಫ್. ಅವರು ಜಿಲ್ಲಾ ಕೇಂದ್ರದಲ್ಲಿ ತಮ್ಮದೇ ಯೋಜನೆಯ ಮೊಬೈಲ್ ಬಳಕೆಯ ತರಬೇತಿಗೆ ಹೋಗಿದ್ದರು. ನಾನು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಮುತ್ಯಾಲಮ್ಮ ಸೊಪ್ಪು ಬಿಡಿಸುತ್ತಾ ಹೇಳಿದಳು:

“ಯಾರ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಎಲ್ಲಾರ್ದೂ ಅಂದ್ಕೊಳ್ಳೋದಯ್ಯ. ಮೂವತ್ತೇಳ್ ಜನಾನೂ ಕರ್ಕೊಂಡ್ ಹೋಗಾನ.”

“ಡಾಕ್ಟ್ರಮ್ಮ ಬೈಯಲ್ವೇನೇ?”

“ಬೈದ್ರೆ ಬೈಸ್ಕೊಳಾನ. ಬೈಸ್ಕೊಂಡ್ರೆ ಯಾರೂ ಸಾಯಲ್ಲ.”

ಮಂಡಿಗೆ ಟೊಮೊಟೊ ಸಾಗಿಸುವ ಎರಡು ಟೆಂಪೋ ಹಿಡಿದೆವು. ಹೊಟ್ಟೆ ಹೊತ್ತ ಮೂವತ್ತೇಳು ಹೆಂಗಸರು, ಜೊತೆಗೆ ಹತ್ತಾರು ಅತ್ತೆಯಂದಿರು ಆರೋಗ್ಯ ಕೇಂದ್ರದ ಮುಂದೆ ಇಳಿದರೆ ಹೇಗಿರುತ್ತದೆಂದು ತಾವು ನೋಡಬೇಕಿತ್ತು. “ಏನ್ರೀ ಇದು ಗಂಗುಲಪ್ಪ, ಮೆರವಣಿಗೆನಾ? ಒಬ್ಬರು ಬನ್ನಿ ಅಂದ್ರೆ ಊರೇ ಬಂದಿದೀರಲ್ಲಾ” ಎಂದು ಡಾಕ್ಟರಮ್ಮ ಕೂಗಾಡಿದರು. ನಾನು ಫೋನು ತೋರಿಸಿದೆ. ಅವರು ಓದಿ, “ಎಲ್ಲರನ್ನೂ ಸಾಲಾಗಿ ಕೂರಿಸಿ” ಎಂದರು. ಮಧ್ಯಾಹ್ನ ಊಟವನ್ನೂ ಮಾಡದೆ ಮೂವತ್ತೇಳು ಬೆರಳು ಚುಚ್ಚಿದರು. ಸಂದೇಶದ ತಾಯಿ ಸಿಕ್ಕಳು: ತ್ರಿವೇಣಿ, ಎಂಟನೇ ತಿಂಗಳು, ಹನ್ನೊಂದು ಗ್ರಾಮು ಇರಬೇಕಾದ ರಕ್ತ ಆರೇ ಗ್ರಾಮು, ಕಾರ್ಡಿನಲ್ಲೂ ಆರೇ. ಆದರೆ ಅವಳ ಜೊತೆಗೆ ಇನ್ನೂ ಐವರು ಸಿಕ್ಕರು, ಎಂಟಕ್ಕಿಂತ ಕಡಿಮೆ ಇದ್ದವರು. ಆ ಐವರ ಕಾರ್ಡಿನಲ್ಲೂ ಒಂದೇ ಕೈಬರಹದಲ್ಲಿ ಹನ್ನೊಂದು, ಹನ್ನೊಂದು ಎಂದು ಬರೆದಿತ್ತು. ಬೆರಳು ಚುಚ್ಚದೆ ಬರೆದ ಹನ್ನೊಂದು. ತಮ್ಮ ಕಂಪ್ಯೂಟರು ಆ ಹನ್ನೊಂದನ್ನು ನಂಬಿ ಅವರಿಗೆ ಸಂದೇಶ ಕಳಿಸಿರಲಿಲ್ಲ. ಹೆಸರು ಹಾಕದ ತಮ್ಮ ಮರೆವು, ಪಿ.ಪಿ. ಕೊಟ್ಟ ನಮ್ಮ ಹೆಂಗಸರ ಹಳ್ಳಿತನ, ಎರಡೂ ಸೇರಿ ಐದು ಜೀವಗಳ ಸುಳಿವು ಕೊಟ್ಟವು. ಬುದ್ಧಿವಂತಿಕೆಯಿಂದ ನಡೆದದ್ದು ಇದರಲ್ಲಿ ಏನಾದರೂ ಇದ್ದರೆ ಅದು ಸೊಪ್ಪು ಬಿಡಿಸುತ್ತಿದ್ದವಳ ತಲೆಯದು.

ಡಾಕ್ಟರಮ್ಮ ಈ ವಿಷಯವನ್ನು ತಮಗೆ ವರದಿ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು ಪಾಪ. ವರದಿ ಓದಿದ ತಮ್ಮ ಘಟಕದ ಕಣ್ಣಿಗೆ ಬೆರಳು ಚುಚ್ಚದ ಹನ್ನೊಂದು ಬೀಳಲಿಲ್ಲ, ರಕ್ತವಿಲ್ಲದ ಆರು ಜನ ಬೀಳಲಿಲ್ಲ. ಬಿದ್ದದ್ದು ಒಂದೇ: ಮೂವತ್ತೇಳು ಜನಕ್ಕೆ ಒಂದು ನಂಬರು! ಹದಿನಾರು ದಿನದಲ್ಲಿ ನೋಟೀಸು ಬಂತು. ಸರ್ಕಾರಿ ಕೆಲಸ ನಿಧಾನ ಎಂದು ದೂರುವವರು ಇದನ್ನು ಗಮನಿಸಬೇಕು.

ಹೆಸರು ಅಳಿಸಿದರೆ ಏನಾಯಿತು, ಸಂದೇಶ ಬರದಿದ್ದರೆ ಹೆರಿಗೆ ನಿಲ್ಲುತ್ತದೆಯೇ ಎಂದು ತಾವು ಕೇಳಬಹುದು. ತ್ರಿವೇಣಿಗೆ ಇದು ಎರಡನೇ ಹೆರಿಗೆ. ಮೊದಲನೆಯದರಲ್ಲಿ ರಕ್ತ ಸುರಿದು, ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಅವಳ ರಕ್ತ ಓ ನೆಗೆಟಿವ್. ಗಂಡ ಮುನೇಶನದು ಹೊಂದುವುದಿಲ್ಲ, ಮನೆಯವರಲ್ಲಿ ಯಾರದೂ ಹೊಂದಲಿಲ್ಲ. ಮಾತ್ರೆ, ಸೂಜಿ ಕೊಟ್ಟು ಡಾಕ್ಟರಮ್ಮ ಈಗ ಏಳೂವರೆಗೆ ತಂದಿದ್ದಾರೆ. ದೊಡ್ಡ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಮುಂಚೆಯೇ ತೆಗೆದಿಡಿಸಿಕೊಂಡೇ ಹೆರಿಗೆಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ಮುನೇಶ ಕ್ವಾರಿಯ ಕೆಲಸ ಬಿಟ್ಟು ಚೀಟಿ ಹಿಡಿದು ಹೋದ. ಕಿಟಕಿಯಲ್ಲಿ ಕೂತವರು ತಾಯಿ ನೋಂದಣಿ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟು ನೋಡಿ, ಈ ಸಂಖ್ಯೆ ರದ್ದಾಗಿದೆ, ರದ್ದಾದವರಿಗೆ ರಕ್ತ ತೆಗೆದಿಡಲು ತಮ್ಮ ಘಟಕದ ಒಪ್ಪಿಗೆ ಬೇಕು ಎಂದರು. ಅವರನ್ನು ನಾನು ದೂರುವುದಿಲ್ಲ, ಅವರ ಮುಂದಿದ್ದದ್ದು ತಮ್ಮ ಪಟ್ಟಿ.

ಮುನೇಶ ಇದನ್ನು ಮನೆಯಲ್ಲಿ ಹೇಳದೆ ನನಗೆ ಮಾತ್ರ ಹೇಳಿದ. ಹಾಗಾಗಿ ನಾನೇ ಬಂದೆ. ತಮ್ಮ ಘಟಕ ಎರಡನೇ ಮಹಡಿಯಲ್ಲಿದೆ. ಊರುಗೋಲು ಊರಿಕೊಂಡು ನಲವತ್ತನಾಲ್ಕು ಮೆಟ್ಟಿಲು ಹತ್ತಿದೆ. ತಾವು ಯೋಜನೆಯ ಪ್ರಗತಿ ಪರಿಶೀಲನೆಯ ಸಭೆಯಲ್ಲಿದ್ದಿರಿ. ಕಂಪ್ಯೂಟರಿನ ಮುಂದಿದ್ದವರು ನನ್ನ ಮಾತು ಕೇಳಿ ನಿಜಕ್ಕೂ ಮರುಗಿದರು.

“ಒಂದು ನಂಬರ್‌ಗೆ ಒಬ್ಬರೇ ತಾಯಿ ಕಣ್ರೀ. ಸಾಫ್ಟ್‌ವೇರ್ ತಗೊಳ್ಳಲ್ಲ.”

“ನಮ್ಮೂರ್ ತಗೊಳ್ತದೆ ಸಾರ್. ನಮ್ಮ ಕಡೆ ಹಿಂದ್ಲಿಂದ್ಲೂ ಹಂಗೇನೇ.”

“ಒಂದ್ ಕೆಲ್ಸ ಮಾಡಿ. ಒಬ್ಬೊಬ್ಬರಿಗೂ ಯಾವುದಾದ್ರೂ ಹತ್ತು ಅಂಕಿ ಬರ್ಕೊಂಡ್ ಬನ್ನಿ, ಹೊಸದಾಗಿ ಸೇರಿಸ್ತೀನಿ. ಬೇರೆ ಕಡೆ ಎಲ್ಲಾ ಹಂಗೇ ಮಾಡಿರೋದು.”

“ಸುಳ್ ನಂಬರಾದ್ರೂ ನಡೀತದಾ ಸಾರ್?”

“ಬೇರೆ ಬೇರೆ ಇರ್ಬೇಕು, ಅಷ್ಟೇ.”

ಮಾನ್ಯರೇ, ನಾನು ಅಲ್ಲಿಯೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಮೂವತ್ತೇಳು ಸುಳ್ಳು ನಂಬರು ಕೊಟ್ಟರೆ ನಾವು ಅಸಲಿ. ಒಂದು ನಿಜವಾದ ನಂಬರು ಕೊಟ್ಟಿದ್ದಕ್ಕೆ ನಕಲಿ. ಹಾಗಾದರೆ ತಮ್ಮ ಸಭೆಯಲ್ಲಿ ಗೋಡೆಯ ಮೇಲೆ ತೋರಿಸುತ್ತಿದ್ದ, ಬಾಗಿಲ ಸಂದಿನಿಂದ ನನಗೂ ಕಂಡ ಆ ಲಕ್ಷ ಸಂದೇಶಗಳು ಯಾರ ಜೇಬಿಗೆ ಹೋಗಿ ಬೀಳುತ್ತಿವೆ? ಯಾವ ಊರಿನ ಯಾವ ಲಾರಿ ಡ್ರೈವರು ‘ಪ್ರಿಯ ತಾಯಿ’ ಎಂದು ಓದಿಕೊಂಡು ನಗುತ್ತಿದ್ದಾನೆ? ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ತ್ರಿವೇಣಿಯ ಮಟ್ಟಿಗೆ ಆ ಸುಳ್ಳಿಗೂ ಒಪ್ಪಿದೆ. ಬಾಯಿಗೆ ಬಂದ ಹತ್ತು ಅಂಕಿ ಹೇಳಿದೆ. ಕಂಪ್ಯೂಟರು ಬೇಡವೆಂದಿತು. ಹೊಸ ನೋಂದಣಿಗೆ ನಾಲ್ಕು ತಿಂಗಳೊಳಗಿನ ಬಸುರಿಯಾಗಿರಬೇಕಂತೆ. ಒಂಬತ್ತನೇ ತಿಂಗಳಲ್ಲಿ ಹೊಸದಾಗಿ ಗರ್ಭಿಣಿಯಾಗಲು ಅದರಲ್ಲಿ ಅವಕಾಶವಿಲ್ಲ. ಅಳಿಸಿದ ಹೆಸರನ್ನು ತಿರುಗಿ ಜೀವಂತ ಮಾಡುವ ಗುಟ್ಟಿನ ಅಕ್ಷರಗಳು ತಮ್ಮೊಬ್ಬರ ಬಳಿಯೇ ಇರುವುದಂತೆ. ಸಭೆ ಮುಗಿಯಲಿಲ್ಲ, ಕೊನೆಯ ಬಸ್ಸು ಹೊರಡುವ ಹೊತ್ತಾಯಿತು. ದೂರಿದ್ದರೆ ಎಸ್ಸೆಮ್ಮೆಸ್ ಮಾಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು. ಇಳಿಯುತ್ತಾ ಮೆಟ್ಟಿಲ ಮೇಲೆ ನಿಂತೇ ಕಳಿಸಿದೆ. ತಕ್ಷಣ ಉತ್ತರ ಬಂತು: ‘ಧನ್ಯವಾದಗಳು. ನಿಮ್ಮ ನಂಬರು ನೋಂದಾಯಿತವಲ್ಲ.’

ಸುಮ್ಮನೆ ಕೂತಿಲ್ಲ ನಾವು. ಮುಳಬಾಗಿಲಿನ ಸೈಬರ್ ಕೆಫೆಯಲ್ಲಿ ಕೂರುವ ಶ್ರೀವಾಣಿ ಎಂಬ ಹೆಣ್ಣುಮಗಳು, ಕಾಲೇಜು ಓದುತ್ತಿರುವವಳು, ‘ಇಂಟರ್ನೆಟ್ಟಲ್ಲಿ ಗೆಳೆಯರ ಗುಂಪುಗಳಿವೆ ಅಂಕಲ್, ಹಾಕಿ ನೋಡೋಣ’ ಎಂದು ಓ ನೆಗೆಟಿವ್ ಬೇಕೆಂದು ಬರೆದು ಹಾಕಿದಳು. ಮೂರು ದಿನದಲ್ಲಿ ಹದಿನಾಲ್ಕು ಉತ್ತರ. ಹನ್ನೊಂದು ಜನ ದೇವರು ಒಳ್ಳೆಯದು ಮಾಡಲಿ ಎಂದರು. ಇಬ್ಬರು ಮುಳಬಾಗಿಲು ಯಾವ ರಾಜ್ಯ ಎಂದು ಕೇಳಿದರು. ಒಬ್ಬ ಪುಣ್ಯಾತ್ಮ ಈಗಲೇ ಕೊಡುತ್ತೇನೆ ಎಂದ, ಅವನಿರುವುದು ಪುಣೆಯಲ್ಲಿ. ಅವರ ಮನಸ್ಸಿಗೆ ನಾನು ಕೃತಜ್ಞ. ಇಂಥ ಉಪಕರಣಗಳಿಂದ ಜೀವ ಉಳಿಯುತ್ತದೆ ಎನ್ನುವುದನ್ನು ನಾನೂ ನಂಬಿದವನೇ. ಇಲ್ಲದಿದ್ದರೆ ಆರು ತಿಂಗಳು ಈ ಚಾಕರಿ ಯಾಕೆ ಮಾಡುತ್ತಿದ್ದೆ? ಆದರೆ ನಮಗೆ ಬೇಕಾದ ರಕ್ತ ಕೋಲಾರದಲ್ಲೋ ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಯಾರದೋ ಮೈಯಲ್ಲಿ ಓಡಾಡಿಕೊಂಡಿದೆ. ಅವರ ನಂಬರು ಇರುವುದು ತಮ್ಮ ಯಂತ್ರದಲ್ಲಿ.

ಇನ್ನು ಒಂದು ತಪ್ಪೊಪ್ಪಿಗೆ. ಸಂದೇಶ ನಿಂತು ಮೂರು ವಾರವಾಗುತ್ತಾ ಬಂತು, ಆದರೆ ಹೆಂಗಸರು ಕೇಳುವುದು ನಿಂತಿಲ್ಲ. ನಿಮ್ಮನ್ನು ಅಳಿಸಿದ್ದಾರೆ ಎಂದು ಬಸುರಿಯ ಮುಖ ನೋಡಿ ಹೇಗೆ ಹೇಳಲಿ? ಮಾತ್ರೆ ನುಂಗಿ ಅಂತ ಬಂದಿದೆ, ಮಂಗಳವಾರ ಹೋಗಿ ಅಂತ ಬಂದಿದೆ ಎಂದು ಹಳೆಯದನ್ನೇ ತಿರುಗಿಸಿ ಹೇಳುತ್ತಿದ್ದೇನೆ. ಅವರೂ ನುಂಗುತ್ತಿದ್ದಾರೆ, ಹೋಗುತ್ತಿದ್ದಾರೆ. ಹೋದ ಭಾನುವಾರ ತ್ರಿವೇಣಿಯ ಅತ್ತೆ ಚಿಕ್ಕಗಂಗಮ್ಮ ಸೊಸೆಯನ್ನು ಕರೆದುಕೊಂಡು ಅಂಗಡಿಗೆ ಬಂದರು.

“ಏಮಪ್ಪಾ ಗಂಗುಲಪ್ಪಾ, ಮೆಸೇಜು ಬಂತಾ?”

ನಾನು ಬಾಯಿ ಬಿಡುವ ಮೊದಲೇ ಆಕೆ ಮುಂದುವರಿಸಿದರು: “ಬರ್ಲಿಲ್ಲ ಅಂದ್ರೆ ಎಲ್ಲಾ ಸರಿ ಐತೆ ಅಂತ ತಾನೆ? ಬೇಕಿದ್ರೆ ಅವ್ರೇ ಕರೀತಿದ್ರು. ನಾಳೆ ಇವ್ಳನ್ನ ಶ್ರೀನಿವಾಸ್ಪುರ ಕಡೆ ತೌರಿಗೆ ಕಳಿಸ್ಬಿಡ್ತೀನಿ. ಅಲ್ಲಿ ಸೂಲಗಿತ್ತಿ ಅವ್ಳೆ.”

ಮೊದಲ ಸಲ ಆ ತವರಿನಲ್ಲೇ ರಕ್ತ ಸುರಿದದ್ದು. ತ್ರಿವೇಣಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದುಬಿಟ್ಟಿತು:

“ಬಂದೈತಮ್ಮಾ. ಈಗ್ತಾನೆ ಬಂತು. ಹತ್ತೊಂಬತ್ತಕ್ಕೆ ದೊಡ್ಡಾಸ್ಪತ್ರೆಗೇ ಬರ್ಬೇಕಂತೆ. ಎರಡು ಬಾಟ್ಲಿ ರಕ್ತ ತೆಗ್ದು ಇಟ್ಟವ್ರಂತೆ.”

“ನನ್ ಹೆಸ್ರು ಹಾಕವ್ರಾ ಮಾವ?” ಎಂದಳು ತ್ರಿವೇಣಿ. ಆರು ತಿಂಗಳಲ್ಲಿ ಒಂದು ಸಲವೂ ಹೆಸರು ಬಂದಿರಲಿಲ್ಲ, ಅದು ಅವಳಿಗೂ ಗೊತ್ತು.

“ಹಾಕವ್ರಮ್ಮ.”

“ಎಲ್ಲಿ, ತೋರ್ಸು.”

ಅವಳು ಏಳನೇ ಕ್ಲಾಸಿನ ತನಕ ಕನ್ನಡ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಾರದು. ಫೋನಿನಲ್ಲಿದ್ದದ್ದು ರೀಚಾರ್ಜಿನ ಜಾಹೀರಾತು. ಅದರಲ್ಲಿನ ಒಂದು ಉದ್ದನೆಯ ಪದದ ಮೇಲೆ ಬೆರಳಿಟ್ಟು, ಇದೇ ನೋಡು ಎಂದೆ. ಅವಳು ಅದನ್ನು ಒಂದು ಸಲ ಮುಟ್ಟಿ ನೋಡಿದಳು. ಅತ್ತೆಯ ಕಡೆ ತಿರುಗಿ, “ಅಂಗಾದ್ರೆ ತೌರಿಗೆ ಬೇಡ ಅತ್ತೆ, ಆಸ್ಪತ್ರೆಗೇ ಹೋಗ್ತೀನಿ” ಎಂದಳು. ಚಿಕ್ಕಗಂಗಮ್ಮನೂ ಸರ್ಕಾರದವರೇ ಕರೆದಿರುವಾಗ ಇನ್ನೇನು ಎಂದು ಒಪ್ಪಿದರು. ನನಗೆ ಭಯವಾಗಿದೆ ಮಾನ್ಯರೇ, ಹೇಳಿಕೊಳ್ಳಲು ಸಂಕೋಚವಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಮೂವತ್ತೇಳು ಹೆಸರನ್ನೂ ಪಟ್ಟಿಗೆ ವಾಪಸು ಹಾಕಿ. ಫಾರಮ್ಮಿನಲ್ಲಿ ಇನ್ನೊಬ್ಬರ ಫೋನು ಎಂದು ಬರೆಯಲು ಜಾಗ ಕೊಡಿ, ಕಳಿಸುವ ಸಂದೇಶದಲ್ಲಿ ತಾಯಿಯ ಹೆಸರು ಹಾಕಿ. ಇವೆಲ್ಲ ತಮ್ಮ ಬಿಡುವಿನಲ್ಲಿ ಆಗಲಿ, ಕಾಯುವುದು ನಮಗೆ ರೂಢಿ. ಕಾಯಲಾಗದ್ದು ಒಂದಿದೆ. ತಮ್ಮ ಯಂತ್ರದಲ್ಲಿರುವ ಎಲ್ಲ ನಂಬರಿಗೂ ಒಂದೇ ಒಂದು ಸಲ, ಓ ನೆಗೆಟಿವ್ ರಕ್ತದವರು ಬೇಕಾಗಿದ್ದಾರೆ ಎಂದು ಕಳಿಸಿ. ತ್ರಿವೇಣಿಯ ಸಂಖ್ಯೆಗೆ ತಮ್ಮ ಒಪ್ಪಿಗೆ ಕೊಡಿ. ಸರ್ಕಾರದ ಹೆಸರಿನಲ್ಲಿ ಸುಳ್ಳು ಸಂದೇಶ ಹೇಳಿದ್ದಕ್ಕೆ ನನ್ನ ಮೇಲೆ ಕೇಸು ಹಾಕುವುದಿದ್ದರೆ ಖಂಡಿತ ಹಾಕಿ, ಇಪ್ಪತ್ತನೇ ತಾರೀಕಿನ ನಂತರ ನಾನೇ ಬಂದು ಮೆಟ್ಟಿಲು ಹತ್ತುತ್ತೇನೆ. ಹತ್ತೊಂಬತ್ತರ ಬೆಳಿಗ್ಗೆ ಆ ಹುಡುಗಿ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ತನ್ನ ಹೆಸರು ಹೇಳುತ್ತಾಳೆ. ಆಗ ಒಳಗೆ ಕೂತವರು ‘ಇದೆಯಮ್ಮ’ ಅನ್ನಬೇಕು.

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟು ಸಿಕ್ಕಿಬಿದ್ದಿರುವ,
ಗಂಗುಲಪ್ಪ
ಮುಳಬಾಗಿಲು ತಾಲ್ಲೂಕು
3-3-2009